ಟಿಪ್ಸ್ ಎಷ್ಟು, ಯಾಕೆ, ಯಾರಿಗೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಒಂದಿಷ್ಟು ಮಾತು

ಸೋಷಿಯಲ್ ಸೆಕ್ಯೂರಿಟಿ ನಂಬರ್, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸು, ಬಾಡಿಗೆ ಮನೆ, ಇವಕ್ಕೆಲ್ಲ ಆಫೀಸಿನವರೇ ಪಟ್ಟಿ ಕೊಟ್ಟಿರುತ್ತಾರೆ. ಅದರಂತೆ ಮಾಡಿ, ಆಗುತ್ತೆ. ನಾನು ಬರೆಯೋಕೆ ಹೊರಟಿರೋದು ಆ ಪಟ್ಟಿಯಲ್ಲಿಲ್ಲದ, ಆದರೆ ಬಂದ ಮೊದಲ ಶನಿವಾರವೇ ಎದುರಾಗೋ ವಿಷಯ: ರೆಸ್ಟೋರೆಂಟಿನಲ್ಲಿ ಊಟ ಮುಗಿದ ಮೇಲೆ ಬಿಲ್ಲಿನ ಕೆಳಗೆ ಖಾಲಿ ಬಿಟ್ಟಿರೋ ಆ ಒಂದು ಗೆರೆ. ನಾವಿರೋದು ಟೆಕ್ಸಾಸಿನ ಡಲ್ಲಾಸ್ ಕಡೆ. ಅಂಕಿಗಳು ಇಲ್ಲಿಯವು, ಮಿಕ್ಕ ಮಾತು ನೀವು ಎಲ್ಲಿದ್ದರೂ ಹೆಚ್ಚುಕಮ್ಮಿ ಆಗಿಬರುತ್ತೆ.

ಮೊದಲು ನಮ್ಮವರ ಹಳೇ ಜಗಳವೊಂದನ್ನು ಮುಗಿಸಿಬಿಡೋಣ. "ಕೆಲಸದವರಿಗೆ ಸಂಬಳ ಕೊಡೋದು ಓನರ್ ತಲೆನೋವು. ಊಟಕ್ಕೂ ನಾನೇ ಕೊಟ್ಟು, ಬಡಿಸಿದವರಿಗೂ ನಾನೇ ಕೊಡಬೇಕಾ?" ಯಾರ ಮನೆ ಗಣೇಶನ ಹಬ್ಬಕ್ಕೆ ಹೋದರೂ ಹೀಗೆ ಕೇಳೋ ಮಹಾನುಭಾವರೊಬ್ಬರು ಸಿಕ್ಕೇ ಸಿಗುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಅವರು ಓನರಿಗೆ ಕೇಳಿದ್ದನ್ನು ನಾನು ಕಂಡಿಲ್ಲ. ಲೋಟಕ್ಕೆ ನಾಲ್ಕು ಸಲ ನೀರು ತುಂಬಿಸಿದ ಹುಡುಗಿಗೆ ಎರಡು ಡಾಲರ್ ಬಿಟ್ಟು ಎದ್ದು ಬಂದು, ಕೇಸು ಗೆದ್ದವರ ಹಾಗೆ ಮಾತಾಡುತ್ತಾರೆ.

ಲೆಕ್ಕ ಹೀಗಿದೆ. ಕೇಂದ್ರ ಸರ್ಕಾರದ ಕಾನೂನಿನ ಪ್ರಕಾರ ಇಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಬದಲಾಗಿಲ್ಲ. ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ಕೈಯಿಂದ ಕೊಡಬೇಕಾದ್ದು ಬರೀ 2.13 ಡಾಲರ್. ಅದು ನಿಗದಿಯಾದದ್ದು 1991ರಲ್ಲಿ, ಅಂದರೆ ಮನಮೋಹನ್ ಸಿಂಗ್ ಮೊದಲ ಬಜೆಟ್ ಮಂಡಿಸಿದ ವರ್ಷ. ಅಂದಿನಿಂದ ಒಂದು ಸೆಂಟ್ ಏರಿಲ್ಲ. ಟೆಕ್ಸಾಸಿನಲ್ಲಿ ಇವತ್ತಿಗೂ ಅದೇ ನಡೆಯುತ್ತಿದೆ. ಟಿಪ್ಸ್ ಸೇರಿಯೂ 7.25 ಆಗದಿದ್ದರೆ ಕೊರತೆ ತುಂಬಿಕೊಡೋದು ಮಾಲೀಕನ ಹೊಣೆ ಅಂತ ಕಾನೂನಿದೆ. ಹಾಗಂತ ಕೇಳೋಕೆ ಹೋದವರಿಗೆ ಮುಂದಿನ ವಾರ ಶಿಫ್ಟೇ ಸಿಗೋಲ್ಲ ಅಂತ ಆ ಕೆಲಸ ಮಾಡೋರು ನಗುತ್ತಾರೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಆರೆಗನ್ ಸೇರಿ ಏಳು ರಾಜ್ಯಗಳಲ್ಲಿ ಈ ಎರಡು ಥರದ ಕೂಲಿ ಇಲ್ಲ, ಎಲ್ಲರಿಗೂ ಪೂರ್ತಿ ಕನಿಷ್ಠ ಕೂಲಿ ಕೊಡಲೇಬೇಕು. ಆದರೆ ಅಲ್ಲೂ ಟಿಪ್ಸ್ ರೂಢಿ ಏನೂ ಕಮ್ಮಿಯಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ದುಬಾರಿ ಬಾಡಿಗೆ ಕಟ್ಟೋರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಊರಿನಲ್ಲಿ ಟಿಪ್ಸ್ ಅಂದರೆ ಖುಷಿಗೆ ಕೊಡೋದು. ಇಲ್ಲಿ ಅದು ಸಂಬಳದಲ್ಲಿ ನಿಮ್ಮ ತಲೆಗೆ ಕಟ್ಟಿರೋ ಪಾಲು. ಈ ವ್ಯವಸ್ಥೆ ನನಗೂ ಸರಿ ಕಾಣೋಲ್ಲ. ಇದರ ಬೇರೂ ಅಷ್ಟು ಚೆನ್ನಾಗಿಲ್ಲ. ಅಂತರ್ಯುದ್ಧ ಮುಗಿದ ಮೇಲೆ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ಪುಲ್‌ಮನ್ ಕಂಪನಿಯ ಸ್ಲೀಪರ್ ರೈಲುಬೋಗಿಗಳಲ್ಲಿ, ಹೋಟೆಲುಗಳಲ್ಲಿ ಚಿಕ್ಕಾಸಿನ ಸಂಬಳಕ್ಕೆ ಇಟ್ಟುಕೊಂಡು, ಉಳಿದದ್ದನ್ನು ಗಿರಾಕಿಗಳ ಹತ್ತಿರ ನೋಡಿಕೊಳ್ಳಿ ಅಂದರು. ಆಗಲೇ ಇದನ್ನು ಅವಮಾನ ಅಂದವರೂ ಇದ್ದರು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸ್ ಅನ್ನೇ ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಹಿಂದೆಯೇ ಬಂದವು. 1926ರ ಹೊತ್ತಿಗೆ ಎಲ್ಲ ಕಾನೂನುಗಳೂ ರದ್ದಾದವು. ನಮ್ಮ ಕಾಲದಲ್ಲೂ ಡ್ಯಾನಿ ಮೇಯರ್ ಅನ್ನೋ ನ್ಯೂಯಾರ್ಕಿನ ದೊಡ್ಡ ರೆಸ್ಟೋರೆಂಟ್ ಮಾಲೀಕರು 2015ರಲ್ಲಿ ಟಿಪ್ಸ್ ತೆಗೆದು ಊಟದ ಬೆಲೆ ಏರಿಸಿ ನೋಡಿದರು. 2020ರಲ್ಲಿ ಹಳೇ ದಾರಿಗೇ ವಾಪಸ್ಸು. ಅಂಥವರ ಕೈಲೇ ಆಗದ್ದು, ನಾನೂ ನೀವೂ ಐದು ಡಾಲರ್ ಉಳಿಸಿದ ಮಾತ್ರಕ್ಕೆ ಆಗೋಲ್ಲ.

ಇನ್ನು ಎಷ್ಟು ಅನ್ನೋದು. ಕೂತು ತಿಂದು, ಬಡಿಸೋರು ಬಂದು ಆರ್ಡರ್ ತಗೊಂಡರೆ 18ರಿಂದ 20 ಪರ್ಸೆಂಟ್. ತೆರಿಗೆ ಸೇರಿಸುವ ಮೊದಲಿನ ಮೊತ್ತಕ್ಕೆ ಲೆಕ್ಕ ಹಾಕಿದರೆ ಸಾಕು. ಡಲ್ಲಾಸಿನಲ್ಲಿ ತೆರಿಗೆ 8.25 ಪರ್ಸೆಂಟ್. ಅದನ್ನು ದುಪ್ಪಟ್ಟು ಮಾಡಿ ಮೇಲೆ ಒಂದೆರಡು ಡಾಲರ್ ಹಾಕಿದರೆ ಹತ್ತಿರ ಬರುತ್ತೆ, ಮೇಜಿನ ಮೇಲೆ ಕ್ಯಾಲ್ಕುಲೇಟರ್ ತೆಗೆಯೋ ಪ್ರಮೇಯವಿಲ್ಲ. ಕೂಪನ್ ಇದ್ದರೆ, ಕೂಪನ್ ಕಳೆಯುವ ಮೊದಲಿನ ಮೊತ್ತ ನೋಡಿ. ಅರ್ಧ ಬೆಲೆಗೆ ತಿಂದರೂ ಅವರು ಹೊತ್ತು ತಂದದ್ದು ಪೂರ್ತಿ ತಟ್ಟೆಯನ್ನೇ. ಸೇವೆ ನಿಜಕ್ಕೂ ಕೆಟ್ಟದಾಗಿದ್ದರೆ ಮ್ಯಾನೇಜರನ್ನು ಕರೆದು ಹೇಳಿ. ಅಡುಗೆ ತಡವಾಗಿದ್ದಕ್ಕೆ ಬಡಿಸಿದವರ ಹೊಟ್ಟೆ ಮೇಲೆ ಹೊಡೆಯಬೇಡಿ.

ಕಾರ್ಡಿನ ವಿಚಾರ ಹೊಸಬರನ್ನು ಗಾಬರಿಪಡಿಸುತ್ತೆ. ಓಟಿಪಿ, ಪಿನ್ ಅಂತ ಬೆಳೆದ ನಮಗೆ, ಕಾರ್ಡ್ ಇಸಕೊಂಡು ಒಳಗೆಲ್ಲೋ ಹೋಗಿಬಿಡೋದು ನೋಡಿದರೆ ಎದೆ ಧಸಕ್ಕೆನ್ನುತ್ತೆ. ಅದು ಇಲ್ಲಿಯ ರೂಢಿ. ಎರಡು ಚೀಟಿ ಜೊತೆ ಕಾರ್ಡ್ ವಾಪಸ್ ಬರುತ್ತೆ. ಊಟ 60, ತೆರಿಗೆ 4.95 ಅಂತಿದ್ದರೆ, ಟಿಪ್ ಗೆರೆಯಲ್ಲಿ 12, ಟೋಟಲ್ ಗೆರೆಯಲ್ಲಿ 76.95 ಬರೆದು ಸಹಿ ಹಾಕಿ. ಒಂದು ಚೀಟಿ ಅಲ್ಲೇ ಬಿಡಿ, ಇನ್ನೊಂದು ಜೇಬಿಗೆ. ಆ ರಾತ್ರಿ ಬ್ಯಾಂಕ್ ಮೆಸೇಜಿನಲ್ಲಿ 64.95 ಅಂತ ಬರುತ್ತೆ, ಒಂದೆರಡು ದಿನಕ್ಕೆ 76.95 ಆಗುತ್ತೆ. ಮೋಸವಲ್ಲ, ನೀವೇ ಬರೆದದ್ದು. ನಮ್ಮ ಬಳಗದವರೊಬ್ಬರು ಇದನ್ನು ನೋಡಿ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡೇ ಬ್ಲಾಕ್ ಮಾಡಿಸಿ, ಮರುದಿನ ಪೆಟ್ರೋಲ್ ಬಂಕಿನಲ್ಲಿ ನಿಂತು ಹೆಂಡತಿಗೆ ಫೋನ್ ಮಾಡಿದ್ದರು.

ಚೀಟಿ ಓದದೆ ಸಹಿ ಹಾಕೋ ಅಭ್ಯಾಸ ಮಾತ್ರ ಬಿಡಿ. ನಾವು ಹೋಗೋದೇ ಗುಂಪು ಕಟ್ಟಿಕೊಂಡು. ಆರೋ ಎಂಟೋ ಜನಕ್ಕಿಂತ ಜಾಸ್ತಿ ಇದ್ದರೆ ಬಹಳ ಕಡೆ 18 ಪರ್ಸೆಂಟ್ ಗ್ರಾಚುಯಿಟಿ (ಇಲ್ಲಿ ಟಿಪ್ಸಿಗೇ ಇನ್ನೊಂದು ಹೆಸರು) ತಾವೇ ಸೇರಿಸಿರುತ್ತಾರೆ, ಅದರ ಕೆಳಗೆ ಟಿಪ್ ಗೆರೆಯೂ ಇರುತ್ತೆ. ನೋಡದಿದ್ದರೆ ಎರಡು ಸಲ ಕೊಟ್ಟಂತಾಯಿತು. ಸರ್ವಿಸ್ ಚಾರ್ಜ್ ಅಂತಿದ್ದರೆ ಅದು ಬೇರೆ ಕಥೆ. ತೆರಿಗೆ ಇಲಾಖೆಯ ಲೆಕ್ಕದಲ್ಲಿ ಅದು ರೆಸ್ಟೋರೆಂಟಿನ ಆದಾಯ, ಬಡಿಸಿದವರಿಗೆ ತಲುಪಿಯೇ ತೀರುತ್ತೆ ಅಂತೇನಿಲ್ಲ. "ಇದು ನಿಮಗೆ ಬರುತ್ತಾ?" ಅಂತ ಕೇಳಿ, ಯಾರೂ ತಪ್ಪು ತಿಳಿಯೋಲ್ಲ.

ಈಗ ನಮ್ಮ ಗುಂಪುಗಳ ವಿಷಯ, ಇದಕ್ಕೇ ನಾನು ಬರೆಯೋಕೆ ಕೂತಿದ್ದು. ಸೂಪು ಬೈ-ಟು ಮಾಡಿಸುತ್ತೇವೆ. ಐಸ್ ಬೇಡ, ಬಿಸಿನೀರು ಕೊಡಿ, ನಿಂಬೆಹಣ್ಣು ಇಡಿ ಅನ್ನುತ್ತೇವೆ. ಇದರಲ್ಲಿ ಮೊಟ್ಟೆ ಇದೆಯಾ, ಅದರ ಸಾರಿಗೆ ಕೋಳಿ ಹಾಕಿದ್ದೀರಾ ಅಂತ ಅಡುಗೆಮನೆಗೆ ಮೂರು ಸಲ ಓಡಿಸುತ್ತೇವೆ. ಮಕ್ಕಳು ಅನ್ನ ಚೆಲ್ಲುತ್ತವೆ. ಊಟ ಮುಗಿದು ಒಂದೂವರೆ ಗಂಟೆ ಗ್ರೀನ್ ಕಾರ್ಡ್ ಮಾತು. ಕೊನೆಗೆ ಬಿಲ್ಲನ್ನು ಎಂಟು ಕಾರ್ಡಿಗೆ ಹಂಚಿ ಅನ್ನುತ್ತೇವೆ, ಇಲ್ಲವೇ ನಾನು ಕೊಡ್ತೀನಿ ತಾನು ಕೊಡ್ತೀನಿ ಅಂತ ಬಿಲ್ಲಿನ ಪುಸ್ತಕವನ್ನು ಎಳೆದಾಡುತ್ತೇವೆ. ಇದರಲ್ಲಿ ಯಾವುದೂ ಅಪರಾಧವಲ್ಲ, ಕೂತು ಮಾತಾಡದೆ ಊಟ ಮಾಡೋಕೆ ನಾವೇನು ರೋಬೋಟ್‌ಗಳಾ? ಆದರೆ ಇದೆಲ್ಲ ಒಬ್ಬರ ಕೆಲಸ. ಆ ಮೇಜಿಗೆ ಇನ್ನೊಂದು ಸಂಸಾರ ಬಂದಿದ್ದರೆ ಆಕೆಗೆ ಇನ್ನೊಂದು ಟಿಪ್ ಬರುತ್ತಿತ್ತು. ಜಾಸ್ತಿ ಹೊತ್ತು ಕೂತರೆ ಜಾಸ್ತಿ ಬಿಡಿ. ಇನ್ನೊಂದು ಜಾತಿಯವರೂ ಇದ್ದಾರೆ: ಕ್ರೆಡಿಟ್ ಕಾರ್ಡ್ ಪಾಯಿಂಟ್ ಸಿಗುತ್ತೆ ಅಂತ ಎಲ್ಲರದ್ದೂ ತಾವೇ ಕಟ್ಟಿ, ಖರ್ಚು ಹಂಚಿಕೊಳ್ಳೋ ಸ್ಪ್ಲಿಟ್‌ವೈಸ್ ಆ್ಯಪಿನಲ್ಲಿ 20 ಪರ್ಸೆಂಟ್ ಟಿಪ್ಸ್ ಸೇರಿಸಿ ವಸೂಲಿ ಮಾಡಿ, ಚೀಟಿಯಲ್ಲಿ 10 ಬರೆಯೋರು. ಅವರಿಗೆ ನಮಸ್ಕಾರ.

ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಗ ವಾರಾಂತ್ಯಕ್ಕೆ ಒಂದು ತಿಂಡಿ ರೆಸ್ಟೋರೆಂಟಿನಲ್ಲಿ ಸರ್ವರ್ ಆಗಿದ್ದಳು. ಅವಳ ಅಪ್ಪನಿಗೆ ಮೊದಲು ಇಷ್ಟವಿರಲಿಲ್ಲ, ಓದೋ ಹುಡುಗಿ ಎಂಜಲು ತಟ್ಟೆ ಎತ್ತೋದಾ ಅಂತ. ಭಾನುವಾರ ಮಧ್ಯಾಹ್ನ ಬಂದು ಏಪ್ರನ್ ಜೇಬನ್ನು ಊಟದ ಮೇಜಿನ ಮೇಲೆ ಮಗುಚುತ್ತಿದ್ದಳು: ಮುದುರಿದ ಒಂದು ಡಾಲರ್ ನೋಟುಗಳು, ಸಿರಪ್ ಅಂಟಿದ ಪೆನ್ನು, ಆರ್ಡರ್ ಬರೆದ ಚೀಟಿ. ಒಂದು ಭಾನುವಾರ ಅವಳ ಮೇಜಿಗೆ ನಮ್ಮವರೇ ಬಂದಿದ್ದರಂತೆ, ಎರಡು ಸಂಸಾರ. ಅವಳ ಹೆಸರಿನ ಬ್ಯಾಡ್ಜ್ ನೋಡಿ ಕನ್ನಡದವಳಾ ಅಂದರಂತೆ. ಯಾವೂರು, ಅಪ್ಪ ಏನು ಮಾಡ್ತಾರೆ, ಯಾವ ಕಾಲೇಜಿಗೆ ಅಪ್ಲೈ ಮಾಡ್ತೀಯ, ಭರತನಾಟ್ಯ ಕಲೀತೀಯಾ ಅಂತೆಲ್ಲ ವಿಚಾರಿಸಿ, ಚೆನ್ನಾಗಿ ಓದು ಪುಟ್ಟಿ ಅಂತ ಹರಸಿ ಹೋದರಂತೆ. ಬಿಲ್ಲು 180 ಡಾಲರ್, ಬಿಟ್ಟದ್ದು ಐದು.

ಐದಾದರೂ ಸಿಕ್ಕಿತಲ್ಲ ಅಂದರು ನಮ್ಮ ಮನೆಯವರು. ಅವಳು ಲೆಕ್ಕ ಬಿಡಿಸಿದಳು. ಸರ್ವರಿಗೆ ಬಂದ ಟಿಪ್ಸ್‌ನಲ್ಲಿ ಮೇಜು ಒರೆಸೋರಿಗೂ ಜ್ಯೂಸು ಕಾಫಿ ಮಾಡೋರಿಗೂ ಪಾಲು ಕೊಡಬೇಕು, ಟಿಪ್-ಔಟ್ ಅನ್ನುತ್ತಾರೆ. ಆ ರೆಸ್ಟೋರೆಂಟಿನಲ್ಲಿ ಅದು ಬಂದ ಟಿಪ್ಸ್ ಮೇಲಲ್ಲ, ಮೇಜಿನ ಬಿಲ್ಲಿನ ಮೇಲೆ, 3 ಪರ್ಸೆಂಟ್. 180ಕ್ಕೆ 5 ಡಾಲರ್ 40 ಸೆಂಟ್. ಅಂದರೆ ಆ ಎರಡು ಸಂಸಾರಕ್ಕೆ ಬಡಿಸಿದ್ದಕ್ಕೆ ಅವಳದ್ದೇ 40 ಸೆಂಟ್ ಹೋಗಿತ್ತು. "ಆದ್ರೂ ತುಂಬಾ ಒಳ್ಳೇವ್ರಮ್ಮ, ನಿಜವಾಗ್ಲೂ ಪ್ರೀತಿಯಿಂದ ಮಾತಾಡಿದ್ರು" ಅಂದಳು. ನನಗೆ ಹೊಟ್ಟೆಯುರಿದದ್ದು ಅದಕ್ಕಲ್ಲ. ಬಾಗಿಲಲ್ಲಿ ಭಾರತೀಯರ ಗುಂಪು ಕಂಡರೆ ಒಳಗಿನ ಹುಡುಗ ಹುಡುಗಿಯರು ಮುಖ ಮುಖ ನೋಡಿಕೊಂಡು, ಆ ಮೇಜನ್ನು ಇವಳಿಗೆ ದಾಟಿಸುತ್ತಿದ್ದರಂತೆ: ನಿಮ್ಮ ಜನ ತಾನೇ, ನೀನೇ ನೋಡ್ಕೋ. ಇಲ್ಲೇ ಹುಟ್ಟಿದ ಮಗುವನ್ನು ನಮ್ಮ ಜನ ಅಂತ ಗುರುತಿಸೋಕೆ ಆ ಊರಿಗೆ ಸಿಕ್ಕ ಗುರುತು ಇದು. ರಾಜ್ಯೋತ್ಸವಕ್ಕೆ ಬಾವುಟ ಹಿಡಿದು ಫೋಟೋ ತೆಗೆಸಿಕೊಂಡರೆ ಅಳಿಸಿಹೋಗುವಂಥದ್ದಲ್ಲ.

ನಮ್ಮದೇ ಇಂಡಿಯನ್ ರೆಸ್ಟೋರೆಂಟುಗಳಲ್ಲಿ ಬಫೆ ಇದ್ದರೆ 10 ಪರ್ಸೆಂಟ್ ಬಿಡಿ, ತಟ್ಟೆ ತೆಗೆಯೋರು, ನೀರು ಹಾಕೋರು ಇರುತ್ತಾರೆ. ಕೌಂಟರಿನಲ್ಲಿ ಹೇಳಿ, ನಂಬರ್ ಕೂಗಿದಾಗ ದೋಸೆ ನಾವೇ ತಗೊಳೋ ಜಾಗದಲ್ಲಿ ಒಂದೆರಡು ಡಾಲರ್ ಬಿಟ್ಟರೆ ಸಂತೋಷ, ಬಿಡದಿದ್ದರೆ ಪಾಪವಿಲ್ಲ. ಕೆಲವು ಕಡೆ ಟಿಪ್ಸ್ ಓನರ್ ಗಲ್ಲಾಪೆಟ್ಟಿಗೆಗೇ ಹೋಗುತ್ತೆ ಅನ್ನೋ ಮಾತು ನೀವೂ ಕೇಳುತ್ತೀರಿ. ಓನರ್ರೋ ಮ್ಯಾನೇಜರೋ ಕೆಲಸದವರ ಟಿಪ್ಸ್ ಇಟ್ಟುಕೊಳ್ಳೋ ಹಾಗಿಲ್ಲ ಅಂತ 2018ರಿಂದ ಕೇಂದ್ರದ ಕಾನೂನೇ ಇದೆ. ಅನುಮಾನವಿದ್ದರೆ ಕಾರ್ಡಿನಲ್ಲಿ ಬರೆಯಬೇಡಿ, ಬಡಿಸಿದವರ ಕೈಗೇ ನಗದು ಕೊಡಿ.

ಇಷ್ಟೆಲ್ಲ ಹೇಳಿದೆ ಅಂತ ಕೌಂಟರಿನ ಮೇಲಿರೋ ಟ್ಯಾಬ್ಲೆಟ್ ಸ್ಕ್ರೀನಿಗೆ ಹೆದರಿಕೊಳ್ಳಬೇಡಿ. ಈಗ ನೀರಿನ ಬಾಟಲಿ ತಗೊಂಡರೂ ಸ್ಕ್ರೀನ್ ತಿರುಗಿಸಿ 18, 20, 25 ಅಂತ ತೋರಿಸುತ್ತಾರೆ. ಬೇಡ ಅನ್ನೋ ಗುಂಡಿ ಮೂಲೆಯಲ್ಲಿ ಸಣ್ಣದಾಗಿರುತ್ತೆ, ಹಿಂದೆ ಕ್ಯೂ, ಎದುರಿಗೆ ಹುಡುಗನ ಕಣ್ಣು. ಧೈರ್ಯವಾಗಿ ಆ ಸಣ್ಣ ಗುಂಡಿಯನ್ನೇ ಒತ್ತಿ. ಕೌಂಟರಿನಲ್ಲಿ ನಿಂತವರಿಗೆ ಸಾಮಾನ್ಯವಾಗಿ 2.13ರ ಲೆಕ್ಕ ಇರೋಲ್ಲ. ಮನೆಗೆ ಕಟ್ಟಿಸಿಕೊಂಡು ಬರೋದಕ್ಕೂ ಕಡ್ಡಾಯವಿಲ್ಲ. ಮನೆಗೆ ತಂದುಕೊಡೋರಿಗೆ ಮಾತ್ರ ಜಿಪುಣತನ ಮಾಡಬೇಡಿ, ಅದರಲ್ಲೂ ಮಂಜು ಬಿದ್ದ ದಿನ. ಕ್ಷೌರಕ್ಕೆ 15ರಿಂದ 20 ಪರ್ಸೆಂಟ್, ಹೋಟೆಲ್ ರೂಮು ಗುಡಿಸೋರಿಗೆ ದಿನಕ್ಕೆ ಎರಡು ಮೂರು ಡಾಲರ್, ಕಾರು ನಿಲ್ಲಿಸಿ ತಂದುಕೊಡೋ ಹುಡುಗರಿಗೂ ಅಷ್ಟೇ.

ಅಪ್ಪ ಅಮ್ಮ ಬಂದಾಗ ಬಿಲ್ಲು ಅವರ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಕೈ ತೊಳೆಯೋಕೆ ಎದ್ದಾಗಲೇ ಕಾರ್ಡ್ ಕೊಟ್ಟುಬಿಡೋದು ಉತ್ತಮ. ನಮ್ಮಪ್ಪ 12 ಡಾಲರ್ ನೋಡಿ, ರೂಪಾಯಿಗೆ ತಿರುಗಿಸಿ, "ತಟ್ಟೆ ತಂದಿಟ್ಟಿದ್ದಕ್ಕೆ ಸಾವಿರ ರೂಪಾಯಾ?" ಅಂತ ದಾರಿಯುದ್ದಕ್ಕೂ ಕೊರಗಿದರು. ಜಿಪುಣರಲ್ಲ ಅವರು. ಹಾಸನದಲ್ಲಿ ಅವರು ದಿನಾ ಹೋಗುತ್ತಿದ್ದ ಹೋಟೆಲಿನಲ್ಲಿ ಸೋಂಪಿನ ತಟ್ಟೆಗೆ ಒಂದೆರಡು ನಾಣ್ಯ ಹಾಕದೆ ಎದ್ದವರಲ್ಲ. ನಾಣ್ಯ ಚಿಕ್ಕದು, ಆದರೆ ಆ ಸಪ್ಲೈಯರಿಗೆ ಅಪ್ಪನ ಇಡ್ಲಿಗೆ ಎರಡು ಬಟ್ಟಲು ಚಟ್ನಿ ಬೇಕು ಅಂತ ಗೊತ್ತಿತ್ತು, ನನ್ನ ಪಿಯುಸಿ ರಿಸಲ್ಟ್ ಏನಾಯಿತು ಅಂತಲೂ ಗೊತ್ತಿತ್ತು. ದಸರಾಕ್ಕೆ ಊರಿಗೆ ಹೋಗೋ ಮುಂಚೆ ಬಸ್ ಚಾರ್ಜಿಗೆ ಅಂತ ಅಪ್ಪ ಕೊಟ್ಟದ್ದನ್ನು ಯಾರೂ ಪರ್ಸೆಂಟ್ ಲೆಕ್ಕದಲ್ಲಿ ಅಳೆಯಲಿಲ್ಲ. ಇಲ್ಲಿ ಚೀಟಿಯ ಮೇಲೆ ಬಡಿಸಿದವರ ಹೆಸರು ಅಚ್ಚಾಗಿರುತ್ತೆ, ಮುಂದಿನ ತಿಂಗಳು ಹೋದರೆ ಅಲ್ಲಿ ಬೇರೆಯವರಿರುತ್ತಾರೆ. ಇಪ್ಪತ್ತು ಪರ್ಸೆಂಟ್ ಕೊಟ್ಟರೂ ಆ ಪರಿಚಯ ಸಿಗೋಲ್ಲ, ಅದು ಮೆನುವಿನಲ್ಲಿಲ್ಲ.

ಊರಿಗೆ ಹೋದಾಗ ಮಕ್ಕಳು ಅಲ್ಲೂ ಇಪ್ಪತ್ತು ಪರ್ಸೆಂಟ್ ಅಂತ ಹಟ ಹಿಡಿದರೆ ಬೈಯಬೇಡಿ, ಆದರೆ ನಿಂತು ತಿನ್ನೋ ದರ್ಶಿನಿಗೂ ಮೇಜಿಗೆ ಬಂದು ಕೊಡೋ ಹೋಟೆಲಿಗೂ ಇರೋ ವ್ಯತ್ಯಾಸ ಹೇಳಿಕೊಡಿ. ದೊಡ್ಡ ಹೋಟೆಲುಗಳಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಸಬಹುದು, ಅದನ್ನು ಕಡ್ಡಾಯ ಮಾಡುವ ಹಾಗಿಲ್ಲ ಅಂತ 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಈಗ ಅಲ್ಲಿ ಎಲ್ಲರೂ ಫೋನಿನಲ್ಲಿ ಬಿಲ್ಲಿನಷ್ಟೇ ದುಡ್ಡು ಕಳಿಸಿ ಎದ್ದು ಹೋಗುತ್ತಾರೆ. ಸೋಂಪಿನ ತಟ್ಟೆಗೆ ಬೀಳೋಕೆ ಯಾರ ಜೇಬಿನಲ್ಲೂ ಚಿಲ್ಲರೆ ಇರೋಲ್ಲ. ಏರ್‌ಪೋರ್ಟಿನಿಂದ ಹೊರಡುವಾಗಲೇ ಇಪ್ಪತ್ತು, ಐವತ್ತರ ನೋಟುಗಳನ್ನು ಒಂದಷ್ಟು ಮಾಡಿಸಿ ಇಟ್ಟುಕೊಂಡಿರಿ.