ಹಸುಗೂಸಿನ ತಲೆ ಸ್ಕ್ಯಾನ್: ತೋಡು ಸಿಗುವವರೆಗೆ ಪ್ರೋಬ್ ಎತ್ತಬೇಡಿ

ಸೋಮವಾರಪೇಟೆ ಕಡೆಯ ಒಂದು ಮಗು, 30 ವಾರಕ್ಕೇ ಹುಟ್ಟಿತ್ತು. ತಲೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ವರದಿಯಲ್ಲಿ ‘ಮಿದುಳಿನಲ್ಲಿ ರಕ್ತಸ್ರಾವ’ ಎಂದಿತ್ತು. ಜುಲೈ ಮಳೆಯಲ್ಲಿ, ರಾತ್ರೋರಾತ್ರಿ ಮನೆಯವರು ಮಗುವನ್ನು ಮೈಸೂರಿಗೆ ಒಯ್ದರು. ಅಲ್ಲಿ ನೋಡಿದರೆ ರಕ್ತವೇ ಇಲ್ಲ. ಬಿಳಿಯಾಗಿ ಕಂಡದ್ದು ಕೊರಾಯ್ಡ್ ಪ್ಲೆಕ್ಸಸ್. ಮಿದುಳಿನ ನೀರು ತಯಾರಾಗುವುದೇ ಅಲ್ಲಿ, ಎಲ್ಲ ಮಕ್ಕಳಿಗೂ ಇರುತ್ತದೆ. ಈ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ಹೊಸದಾಗಿ ಈ ಸ್ಕ್ಯಾನ್ ಮಾಡುವ ನಮ್ಮ ಜಿಲ್ಲೆಯ ಡಾಕ್ಟರುಗಳಿಗಾಗಿ ಬರೆಯುತ್ತಿದ್ದೇನೆ. ಅಪ್ಪ ಅಮ್ಮಂದಿರೂ ಓದಲಿ.

ಮಗು ಹಾಲು ಕುಡಿದು ಮಲಗಲಿ. ನಿದ್ದೆ ಮದ್ದು ಬೇಡ. ಅಜ್ಜಿ ನೆತ್ತಿಗೆ ಹಚ್ಚಿದ ಹರಳೆಣ್ಣೆಯನ್ನು ಮೆತ್ತಗೆ ಒರೆಸಿ. ಜೆಲ್ ಒಮ್ಮೆ ಮಾತ್ರ ಬಳಸುವ ಪೊಟ್ಟಣದ್ದಾಗಿರಲಿ. ಕ್ಯಾನಿನಿಂದ ಮತ್ತೆ ಮತ್ತೆ ತುಂಬಿಸಿದ ಬಾಟಲಿ ಬೇಡವೇ ಬೇಡ, ಅದರಲ್ಲಿ ರೋಗಾಣು ಬೆಳೆಯುತ್ತದೆ. ಮಡಿಕೇರಿಯ ಚಳಿಗೆ ಜೆಲ್ ತಣ್ಣಗೆ ಕೊರೆಯುತ್ತದೆ ಅಲ್ವಾ, ಪೊಟ್ಟಣವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ನೆತ್ತಿಯ ಮೇಲಿಟ್ಟು ಒಳಗೆ ನೋಡುವ ಸಾಧನವೇ ಪ್ರೋಬ್. ಹೊಟ್ಟೆ ನೋಡುವ ದೊಡ್ಡ ಪ್ರೋಬ್ ಅಲ್ಲಿ ಕೂರುವುದಿಲ್ಲ. ಮೂತಿ ಚಿಕ್ಕದಾಗಿರುವ, 5ರಿಂದ 8 ಮೆಗಾಹರ್ಟ್ಸ್‌ನದು ಬೇಕು. ಒತ್ತಬೇಡಿ. ನೆತ್ತಿ ಒತ್ತಿದರೆ ಮಗುವಿನ ಎದೆಬಡಿತ ಇಳಿಯಬಹುದು.

ಮೊದಲು ಅಡ್ಡ ನೋಟ: ಹಣೆಯಿಂದ ಹಿಂದಲೆವರೆಗೆ ನಿಧಾನಕ್ಕೆ ವಾಲಿಸುತ್ತಾ ಹೋಗಿ. ಆಮೇಲೆ ಪ್ರೋಬ್ ತಿರುಗಿಸಿ ನಡು ಗೆರೆಯ ಉದ್ದ ನೋಟ: ಮಿದುಳಿನ ಎರಡು ಭಾಗಗಳನ್ನು ಜೋಡಿಸುವ ಪಟ್ಟಿ ಕಾರ್ಪಸ್ ಕ್ಯಾಲೋಸಮ್, ಅದರ ಕೆಳಗೆ ನೀರಿನ ಕಪ್ಪು ಜಾಗ, ಹಿಂದೆ ಕಿರುಮಿದುಳಿನ ನಡುಭಾಗವಾದ ಬೆಳ್ಳಗಿನ ವರ್ಮಿಸ್. ಇಷ್ಟು ಎಲ್ಲರಿಗೂ ಬರುತ್ತದೆ.

ಎಡವುವುದು ಮುಂದಿನದರಲ್ಲಿ. ನಡು ಗೆರೆ ಬಿಟ್ಟು ಪಕ್ಕಕ್ಕೆ ಹೋಗುವಾಗ ಜಾಸ್ತಿ ಜನ ಪ್ರೋಬನ್ನು ಸುಮ್ನೆ ನೇರವಾಗಿಯೇ ವಾಲಿಸುತ್ತಾರೆ. ಆದರೆ ಪಕ್ಕದ ವೆಂಟ್ರಿಕಲ್‌ಗಳು, ಅಂದರೆ ಮಿದುಳಿನೊಳಗೆ ನೀರು ತುಂಬಿದ ಕೋಣೆಗಳು, ಹಿಂದೆ ಹೋದಂತೆ ಒಂದರಿಂದೊಂದು ದೂರ ಸರಿಯುತ್ತವೆ. ಹಾಗಾಗಿ ಪ್ರೋಬ್ ಪಕ್ಕಕ್ಕೆ ವಾಲಿದರೆ ಸಾಲದು, ಅದರ ಹಿಂದಿನ ತುದಿ ಕಿವಿಯ ಕಡೆಗೆ ಸ್ವಲ್ಪ ತಿರುಗಲೂ ಬೇಕು. ಆಗ ಇಡೀ ವೆಂಟ್ರಿಕಲ್ ಒಂದೇ ಚಿತ್ರಕ್ಕೆ ಬರುತ್ತದೆ. ಅದರ ತಳದಲ್ಲಿ ಮಿದುಳಿನ ಎರಡು ಭಾಗಗಳು: ಮುಂದೆ ಕಾಡೇಟ್, ಹಿಂದೆ ಥಲಾಮಸ್. ಎರಡರ ನಡುವೆ ಗದ್ದೆ ಬದಿಯ ತೋಡಿನ ಹಾಗೆ ಒಂದು ಸಣ್ಣ ತಗ್ಗು. ಅದು ಕಾಣುವವರೆಗೆ ಕೂದಲೆಳೆಯಷ್ಟು ಆಚೀಚೆ ಮಾಡುತ್ತಿರಿ.

ಕೊರಾಯ್ಡ್ ಪ್ಲೆಕ್ಸಸ್ ಗೊದಮೊಟ್ಟೆಯಂತೆ ಹಿಂದೆ ದಪ್ಪಗಿದ್ದು, ಮುಂದಕ್ಕೆ ಬಾಲದ ಹಾಗೆ ಸಣ್ಣಗಾಗಿ, ಈ ತೋಡಿನ ಹತ್ತಿರ ನಿಂತುಬಿಡುತ್ತದೆ. ವೆಂಟ್ರಿಕಲ್‌ನ ಮುಂದಿನ ಕೊಂಬಿಗೆ ಹೋಗುವುದಿಲ್ಲ. ತೋಡಿನಿಂದ ಮುಂದೆ ಬಿಳಿ ಗಡ್ಡೆ ಕಂಡರೆ ಅನುಮಾನಪಡಿ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಬೇಗ ಒಡೆಯುವ ನವಿರಾದ ರಕ್ತನಾಳಗಳು ಇರುವುದು ಅಲ್ಲೇ. ಜಾಸ್ತಿ ರಕ್ತಸ್ರಾವ ಆಗುವುದು ಹುಟ್ಟಿದ ಮೊದಲ ಮೂರು ದಿನಗಳಲ್ಲಿ. ಆದರೂ ಒಂದೇ ಚಿತ್ರ ನೋಡಿ ಬರೆಯಬೇಡಿ. ಅಡ್ಡ ನೋಟದಲ್ಲೂ ಅದೇ ಜಾಗದಲ್ಲಿ ಕಾಣಬೇಕು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ. ಹೆಪ್ಪುಗಟ್ಟಿದ ರಕ್ತದಲ್ಲಿ ಹರಿವು ಕಾಣುವುದಿಲ್ಲ.

30 ವಾರದ ಮಿದುಳಿನಲ್ಲಿ ಮಡಿಕೆಗಳು ಕಡಿಮೆ. ನಡುವೆ ನೀರಿನ ಸಣ್ಣ ಜಾಗವೂ ಇರುತ್ತದೆ. ಎರಡೂ ಸಹಜ, ವರದಿಯಲ್ಲಿ ಹಾಗೆಂದೇ ಬರೆಯಿರಿ. ಆಮೇಲೆ ಜೆಲ್ ಒರೆಸಿ, ಟೋಪಿ ಹಾಕಿ, ಮಗುವನ್ನು ತಾಯಿಯ ಕೈಗೆ ಕೊಡಿ.