ಪಾಲಿಗೆ ಬಂದ ಮನೆಯನ್ನು ಕಡಿಮೆಗೆ ಕೇಳಿದಾಗ ನಾನು ಹಾಕಿದ ಲೆಕ್ಕ

ನೂರು ಬಾಳುವ ಮನೆಯನ್ನು ಎಂಬತ್ತಕ್ಕೆ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಆ ನೂರು ಯಾವಾಗ ಬರುತ್ತದೆ, ಬಂದಾಗ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ಬರೆದು ನೋಡುವವರೆಗೆ ಎಂಬತ್ತು ಕಡಿಮೆಯೋ ಸರಿಯೋ ಹೇಳಲು ಬರುವುದಿಲ್ಲ. ನಾನು ಮಾಡಿದ್ದು ಇಷ್ಟೇ: ಈಗ ಮಾರಿದರೆ ಸಿಗುವ ದುಡ್ಡು, ಕಾದು ಮಾರಿದರೆ ಸಿಗುವ ದುಡ್ಡು, ಎರಡನ್ನೂ ಒಂದೇ ದಿನಾಂಕಕ್ಕೆ ತಂದು ಪಕ್ಕಪಕ್ಕ ಇಟ್ಟೆ.

ಅದಕ್ಕೂ ಮೊದಲು ಆ ನೂರು ನಿಜವಾಗಿ ನೂರೇ ಎಂದು ಖಾತ್ರಿಯಾಗಬೇಕು. ಜಾಹೀರಾತಿನಲ್ಲಿ ಇರುವುದು ಮಾರುವವರು ಕೇಳುವ ಬೆಲೆ, ಅದು ಲೆಕ್ಕಕ್ಕೆ ಬರುವುದಿಲ್ಲ. ಕಳೆದ 6 ತಿಂಗಳಲ್ಲಿ ಅದೇ ಆಸುಪಾಸಿನಲ್ಲಿ ನಿಜಕ್ಕೂ ಕೈಬದಲಾದ 3ರಿಂದ 5 ಮನೆಗಳು ಸಾಕು. ವಿಸ್ತೀರ್ಣದಲ್ಲಿ ನಮ್ಮದಕ್ಕೂ ಅವಕ್ಕೂ ಶೇ. 20ಕ್ಕಿಂತ ಹೆಚ್ಚಿನ ವ್ಯತ್ಯಾಸ ಇರಬಾರದು. ಬೆಲೆಯ ಪಕ್ಕದಲ್ಲೇ ಮಾರಾಟಕ್ಕೆ ಎಷ್ಟು ತಿಂಗಳು ಹಿಡಿಯಿತು ಎನ್ನುವುದನ್ನೂ ಬರೆದುಕೊಳ್ಳಬೇಕು, ಮುಂದೆ ಅದೂ ಬೆಲೆಯಷ್ಟೇ ಬೇಕಾಗುತ್ತದೆ. ಬ್ರೋಕರ್‌ಗಳನ್ನು "ಎಷ್ಟು ಬರಬಹುದು?" ಎಂದು ಕೇಳಿದರೆ ಕೆಲಸ ತಮಗೇ ಸಿಗಲಿ ಎಂದು ದೊಡ್ಡ ಅಂಕಿ ಹೇಳುತ್ತಾರೆ. "60 ದಿನದೊಳಗೆ ಮಾರಲೇಬೇಕು, ಎಷ್ಟಕ್ಕೆ ಹೋಗುತ್ತದೆ?" ಎಂದು ಕೇಳಿದಾಗ ಬರುವ ಅಂಕಿ ಬೇರೆ. ನನಗೆ ಬೇಕಿದ್ದದ್ದು ಎರಡನೆಯದು.

ಇನ್ನು ಲೆಕ್ಕ, ಅಂಕಿಗಳೆಲ್ಲ ಮನೆಯ ಬೆಲೆ ನೂರು ಎಂದು ಇಟ್ಟುಕೊಂಡು. 100ಕ್ಕೆ ಬೆಲೆ ಕಟ್ಟಿದ ಮನೆ ಚೌಕಾಸಿ ಮುಗಿಯುವಷ್ಟರಲ್ಲಿ 97ಕ್ಕೆ ನಿಂತಿತು ಎಂದುಕೊಳ್ಳಿ. ಬ್ರೋಕರ್ ಕಮಿಷನ್ 2 ಹೋದರೆ 95. ಆ ಬೆಲೆ ಬರಬೇಕಾದರೆ ಮೊದಲು ಮಾಡಿಸಬೇಕಾದ ದುರಸ್ತಿಗೆ 8, ಉಳಿದದ್ದು 87. ಖಾಲಿ ಮನೆಯ ತೆರಿಗೆ, ವಿಮೆ, ಕರೆಂಟು, ನೀರು, ಕಾವಲು, ಹೋಗಿಬರುವ ಖರ್ಚು ಸೇರಿ ತಿಂಗಳಿಗೆ 0.4ರಂತೆ 8 ತಿಂಗಳಿಗೆ 3.2, ಉಳಿದದ್ದು 83.8. ಇಂದೇ 80 ಕೈಗೆ ಬಂದು ವರ್ಷಕ್ಕೆ ಶೇ. 7ರ ಬಡ್ಡಿಗೆ ಕೂತಿದ್ದರೆ 8 ತಿಂಗಳಲ್ಲಿ ಗಳಿಸುತ್ತಿದ್ದದ್ದು ಸುಮಾರು 3.7. ಅದನ್ನೂ ಕಳೆದರೆ 80.1. ಇಪ್ಪತ್ತು ನಷ್ಟ ಎಂದು ಕಂಡದ್ದು ಇಲ್ಲಿಗೆ ಬರುವಾಗ ಏನೂ ಉಳಿದಿರುವುದಿಲ್ಲ.

ಅದೇ ಮನೆಗೆ ದುರಸ್ತಿಯೇ ಬೇಡ, 3 ತಿಂಗಳಲ್ಲಿ ಹೋಗುತ್ತದೆ ಎಂದಾದರೆ? 97ರಲ್ಲಿ ಕಮಿಷನ್ 2, ಖರ್ಚು 1.2, ಬಡ್ಡಿ 1.4 ಕಳೆದು 92.4 ಉಳಿಯುತ್ತದೆ. ಆಗ ಎಂಬತ್ತಕ್ಕೆ ಕೇಳಿದವರು ನಿಜಕ್ಕೂ ಅಗ್ಗಕ್ಕೆ ಕೇಳುತ್ತಿದ್ದಾರೆ. ಅಂದರೆ ತೀರ್ಮಾನ ನಿಂತಿರುವುದು ತಿಂಗಳು ಮತ್ತು ದುರಸ್ತಿ ಎಂಬ ಎರಡೇ ಅಂಕಿಗಳ ಮೇಲೆ. ಉಳಿದವು ಒಂದೆರಡು ಅಂಶ ಆಚೀಚೆ ಆದರೂ ಉತ್ತರ ಅಷ್ಟಾಗಿ ಬದಲಾಗುವುದಿಲ್ಲ. ಹಾಗಾಗಿ ಹೊತ್ತು ಕಳೆಯಬೇಕಾದದ್ದು ಈ ಎರಡರ ಮೇಲೆ.

ದುರಸ್ತಿಯ ಅಂದಾಜು ತಪ್ಪುವುದು ಒಂದೇ ರೀತಿಯಲ್ಲಿ: ಕಣ್ಣಿಗೆ ಕಾಣುವುದನ್ನು ಎಣಿಸಿ, ಕಾಣದ್ದನ್ನು ಬಿಡುವುದು. ಬಣ್ಣ, ಒಡೆದ ಟೈಲ್ಸ್, ಅಡುಗೆಮನೆಯ ಕಪಾಟು ಎಲ್ಲರಿಗೂ ಕಾಣುತ್ತವೆ. ಬೆಲೆ ಇಳಿಸುವುದು ತಾರಸಿ ಸೋರಿಕೆ, ಗೋಡೆಯ ಬುಡದಿಂದ ಮೇಲೇರುವ ತೇವ, ಬಾಗಿಲ ಚೌಕಟ್ಟಿನ ಗೆದ್ದಲು, ಹಳೆಯ ವೈರಿಂಗ್, ತುಕ್ಕು ಹಿಡಿದ ನೀರಿನ ಪೈಪು. ನಲ್ಲಿ, ಲೈಟು ಎಲ್ಲ ಹಾಕಿ ನೋಡಿ. ಚೌಕಟ್ಟಿನ ಬುಡವನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ, ಒಳಗೆ ಇಳಿದರೆ ಗೆದ್ದಲೋ ಕೊಳೆತವೋ ಇದೆ. ಒಂದು ಮಳೆಯಾದ ಮೇಲೆ ಇನ್ನೊಮ್ಮೆ ಹೋಗಿ ಚಾವಣಿ ನೋಡಿ. ಪ್ರತಿ ಕೆಲಸಕ್ಕೂ ಇಬ್ಬರಿಂದ ಲಿಖಿತ ಕೊಟೇಷನ್ ತೆಗೆದುಕೊಂಡು, ದೊಡ್ಡ ಅಂಕಿಗೆ ಶೇ. 15 ಸೇರಿಸಿದೆ. ಹಳೆಯ ಗೋಡೆ ಒಡೆದಾಗ ಒಳಗಿಂದ ಇನ್ನೊಂದು ಕೆಲಸ ಹೊರಬರುವುದು ತಪ್ಪಿದ್ದಲ್ಲ.

ಇದೆಲ್ಲ ದಂಡವಾಗುವ ಸಂದರ್ಭವೂ ಇದೆ. ಕೊಳ್ಳುವವರು ಮನೆ ಕೆಡವಿ ಹೊಸದು ಕಟ್ಟುವವರಾದರೆ ಅವರು ಕೊಡುವುದು ಜಾಗದ ಬೆಲೆ, ಅದರಲ್ಲೂ ಕೆಡವುವ ಖರ್ಚು ಕಳೆದು. ಅಂಥ ಮನೆಗೆ ಬಣ್ಣ ಬಳಿಸಿದರೆ ಆ ದುಡ್ಡು ವಾಪಸ್ ಬರುವುದಿಲ್ಲ. ಆಸುಪಾಸಿನಲ್ಲಿ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿದ್ದರೆ ಖಾಲಿ ಜಾಗದ ದರಕ್ಕೇ ಹೋಲಿಸಿ.

ತಿಂಗಳ ಲೆಕ್ಕದಲ್ಲಿ ಜನ ಮರೆಯುವುದು ವಿಮೆಯನ್ನು. ಮನೆ 30ರಿಂದ 60 ದಿನ ಖಾಲಿ ಬಿದ್ದರೆ ಕಳ್ಳತನ, ನೀರು ಸೋರಿಕೆಯಂಥ ಹಾನಿಗೆ ರಕ್ಷಣೆ ತಪ್ಪಿಸುವ ಷರತ್ತು ಅನೇಕ ಪಾಲಿಸಿಗಳಲ್ಲಿ ಇರುತ್ತದೆ. ಪಾಲಿಸಿ ಓದಿ, ಬೇಕಾದರೆ ಖಾಲಿ ಮನೆಯ ವಿಮೆ ಮಾಡಿಸಿ, ಅದರ ಕಂತನ್ನೂ ಮೇಲಿನ 0.4ರೊಳಗೆ ಸೇರಿಸಿ. ಲಾಭದ ತೆರಿಗೆಯನ್ನು ಕೆಲವು ದೇಶಗಳು ಮಾಲೀಕರು ತೀರಿಕೊಂಡ ದಿನದ ಬೆಲೆಯಿಂದ ಎಣಿಸುತ್ತವೆ, ಕೆಲವು ಅವರು ಕೊಂಡಾಗಿನ ಬೆಲೆಯಿಂದ. ಎರಡನೆಯದಾದರೆ ತೆರಿಗೆ ಎರಡೂ ದಾರಿಯಲ್ಲಿ ಬೀಳುತ್ತದೆ, ಕಾದು ಪಡೆದ ಹೆಚ್ಚುವರಿಯಲ್ಲೂ ಪಾಲು ಹೋಗುತ್ತದೆ. ಲೆಕ್ಕಿಗರ ಹತ್ತಿರ ಅರ್ಧ ಗಂಟೆ ಕೂತರೆ ಇದು ಬಗೆಹರಿಯುತ್ತದೆ.

ಇನ್ನು ಆ ಎಂಬತ್ತು ಎಲ್ಲಿಂದ ಬಂತು ಎಂದು ನೋಡಬೇಕು. ಹಳೆ ಮನೆ ಕೊಂಡು ದುರಸ್ತಿ ಮಾಡಿ ಮಾರುವವರಲ್ಲಿ ಒಂದು ರೂಢಿಯ ಸೂತ್ರವಿದೆ: ದುರಸ್ತಿಯಾದ ಮೇಲೆ ಬರುವ ಬೆಲೆಯ ಶೇ. 70ರಲ್ಲಿ ದುರಸ್ತಿ ಖರ್ಚು ಕಳೆಯುವುದು. ನಮ್ಮ ಮನೆಗೆ ಅದು 62. ಯಾರಾದರೂ ಆ ಆಸುಪಾಸಿನಲ್ಲಿ ಕೇಳಿದರೆ ಅವರು ವ್ಯಾಪಾರಿ, ಹೆಚ್ಚು ಮೇಲೇರುವುದಿಲ್ಲ. 80 ಎಂದವರು ಬಹುಶಃ ವಾಸಕ್ಕೆ ನೋಡುತ್ತಿದ್ದಾರೆ, ಅವರ ಜೊತೆ ಮಾತಿಗೆ ಜಾಗವಿದೆ. "ಕಡಿಮೆಯಾಯಿತು" ಎನ್ನುವ ಬದಲು "ಈ ಮೊತ್ತಕ್ಕೆ ಹೇಗೆ ಬಂದಿರಿ?" ಎಂದು ಕೇಳಿ. ತಾರಸಿಗೆ ಇಷ್ಟು, ವೈರಿಂಗ್‌ಗೆ ಇಷ್ಟು ಎಂದು ಅವರು ಬಿಡಿಸಿ ಹೇಳಿದ ಕೂಡಲೇ ನಮ್ಮ ಕೊಟೇಷನ್ ಮುಂದಿಡಬಹುದು. ಅಪ್ಪ ನಿಂತು ಕಟ್ಟಿಸಿದ ಮನೆ ಎಂಬುದಕ್ಕೆ ಮಾತ್ರ ಯಾರೂ ಬೆಲೆ ಕಟ್ಟುವುದಿಲ್ಲ, ಅದನ್ನು ಮಾತಿನಲ್ಲಿ ತರದಿರುವುದೇ ಲೇಸು.

ಕಾಗದಪತ್ರ ಸರಿಯಿಲ್ಲ ಎಂದು ಬೆಲೆ ಇಳಿಸಿದ್ದರೆ ಮಾರುವುದನ್ನೇ ನಿಲ್ಲಿಸಿ ಅದನ್ನು ಸರಿಪಡಿಸಿಕೊಳ್ಳುವುದು ಸಾಮಾನ್ಯವಾಗಿ ಲಾಭ. ಮನೆ ವಾರಸುದಾರರ ಹೆಸರಿಗೆ ಆಗಿರದಿದ್ದರೆ, ಒಬ್ಬ ಪಾಲುದಾರನ ಸಹಿ ಬಾಕಿಯಿದ್ದರೆ, ಹಳೆ ಸಾಲದ ಅಡಮಾನ ತೀರಿದ್ದಕ್ಕೆ ಪತ್ರವಿಲ್ಲದಿದ್ದರೆ ಬೇರೆ ಗಿರಾಕಿಗಳೂ ಇಷ್ಟೇ ಕೇಳುತ್ತಾರೆ, ಕಾಯುವುದರಿಂದ ಏನೂ ಬದಲಾಗದು.

ಪಾಲುದಾರರ ನಡುವೆ ಜಗಳ ಹುಟ್ಟುವುದು ಬೆಲೆಗಿಂತ ಖರ್ಚಿನ ಬಗ್ಗೆ. ಬೀಗದ ಕೈ ಇಟ್ಟುಕೊಂಡು ಬಿಲ್ ಕಟ್ಟುವವರು ಒಬ್ಬರು, "ಇನ್ನೂ ಕಾಯೋಣ" ಎನ್ನುವವರು ಇನ್ನೊಬ್ಬರು. ನಾನು ಲೆಕ್ಕದ ಹಾಳೆಯನ್ನು ಎಲ್ಲರಿಗೂ ಕಳಿಸಿ ಎರಡು ಪ್ರಶ್ನೆ ಕೇಳಿದೆ: ಇದಕ್ಕಿಂತ ಕೆಳಗೆ ಇಳಿಯಬಾರದ ಅಂಕಿ ಯಾವುದು, ಕಾಯುವುದಾದರೆ ತಿಂಗಳ ಖರ್ಚಿನಲ್ಲಿ ನಿಮ್ಮ ಪಾಲು ಯಾವ ತಾರೀಖಿಗೆ ಬರುತ್ತದೆ. ಎರಡನೆಯದಕ್ಕೆ ಉತ್ತರ ಕೊಡಬೇಕಾದಾಗ ಮೊದಲನೆಯ ಅಂಕಿ ತಾನಾಗಿ ಇಳಿಯುತ್ತದೆ.

ಎಂಬತ್ತಕ್ಕೆ ಒಪ್ಪುವ ಮೊದಲು ಒಮ್ಮೆ 86 ಎಂದು ಮರುಬೆಲೆ ಹೇಳಿ, ಉತ್ತರಕ್ಕೆ 7 ದಿನದ ಗಡುವು ಕೊಡಿ. 83ರಲ್ಲಿ ನಿಂತರೂ ಮೇಲಿನ ಮೊದಲ ಲೆಕ್ಕದ ಪ್ರಕಾರ ಕಾಯುವುದಕ್ಕಿಂತ ಮೇಲು. ಬೆಲೆ ಏರದಿದ್ದರೆ ಷರತ್ತು ಕೇಳಬಹುದು: ಹಳೆ ಸಾಮಾನು ಅಲ್ಲೇ ಬಿಡುವುದು, ಮುಂಗಡ ಹೆಚ್ಚಿಸುವುದು, ದುಡ್ಡು ಇರುವುದಕ್ಕೆ ಬ್ಯಾಂಕಿನ ಪತ್ರ, ನೋಂದಣಿಗೆ ನಿಗದಿತ ದಿನ. ಒಪ್ಪಿಕೊಂಡ ಮೇಲೆ ತಪಾಸಣೆಯ ನೆಪದಲ್ಲಿ ಇನ್ನೂ 5 ಇಳಿಸುವುದು ಹಳೆಯ ಆಟ. ಅದಕ್ಕೇ ತಪಾಸಣೆ ಕರಾರಿಗೆ ಮುಂಚೆಯೇ ಆಗಲಿ, ನಿಮಗೆ ಗೊತ್ತಿರುವ ದೋಷಗಳನ್ನೂ ಮೊದಲೇ ತಿಳಿಸಿ. "ಇರುವ ಸ್ಥಿತಿಯಲ್ಲೇ" ಎಂಬ ಮಾತನ್ನು ಕರಾರಿನಲ್ಲಿ ಬರೆಸಿ, ಗಿರಾಕಿ ಹಿಂದೆ ಸರಿದರೆ ಮುಂಗಡ ಏನಾಗುತ್ತದೆ ಎಂಬುದನ್ನೂ ಅದರ ಕೆಳಗೇ ಬರೆಸಿ.