ಗುರುತ್ವ ಸೊನ್ನೆ ಮಾಡಿದ ಮೇಲೆ: ಧೂಳಿನ ಪ್ಲಾಸ್ಮಾ ಮಾಡೆಲಿಂಗ್‌ನಲ್ಲಿ ನನ್ನ ಅನುಭವ

ಧೂಳಿನ ಪ್ಲಾಸ್ಮಾ ಅಂದರೆ ಎಲೆಕ್ಟ್ರಾನ್, ಅಯಾನ್‌ಗಳಿರುವ ಗ್ಯಾಸ್‌ನಲ್ಲಿ ವಿದ್ಯುದಾವೇಶ ಪಡೆದ ಸಣ್ಣ ಧೂಳಿನ ಕಣಗಳು. ಬಾಹ್ಯಾಕಾಶದಲ್ಲಿ ಅದು ಹೇಗಿರುತ್ತದೆ ಎಂದು ನೋಡಲು ಕಂಪ್ಯೂಟರ್ ಮಾಡೆಲ್ ಬರೆಯುವಾಗ ಗುರುತ್ವ ತೆಗೆಯುವುದು ಒಂದೇ ಸಾಲಿನ ಕೆಲಸ. ನನ್ನ ಸಮಯವೆಲ್ಲ ಹೋಗಿದ್ದು ಆಮೇಲೆ ಉಳಿಯುವ ಸಣ್ಣ ಬಲಗಳಿಗೆ.

ನೆಲದ ಮೇಲೆ ಗುರುತ್ವದ್ದೇ ದರ್ಬಾರು. 7 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಕಣಕ್ಕೆ ಹತ್ತು ಸಾವಿರ ಎಲೆಕ್ಟ್ರಾನ್ ಅಂಟಿದ್ದರೂ, ಅದನ್ನು ತೇಲಿಸಲು ಮೀಟರಿಗೆ ಸುಮಾರು 1,600 ವೋಲ್ಟ್‌ನ ವಿದ್ಯುತ್ ಕ್ಷೇತ್ರ ಬೇಕು. ಅಷ್ಟು ಸಿಗುವುದು ಕೆಳಗಿನ ಎಲೆಕ್ಟ್ರೋಡ್ ಹತ್ತಿರ ಮಾತ್ರ. ಅದಕ್ಕೇ ಕಣಗಳು ಅಲ್ಲಿ ತೆಳು ಪದರಗಳಾಗಿ ನಿಲ್ಲುತ್ತವೆ.

ನಾನು ಎಲೆಕ್ಟ್ರಾನ್, ಅಯಾನ್‌ಗಳನ್ನು ಒಂದೊಂದಾಗಿ ಹಿಂಬಾಲಿಸುವುದಿಲ್ಲ. ಧೂಳು ಅವಕ್ಕಿಂತ ತುಂಬಾ ನಿಧಾನ. ಕಣಗಳ ನಡುವೆ ಯುಕಾವಾ ವಿಕರ್ಷಣೆ (ದೂರ ಹೋದಂತೆ ಬೇಗ ಕುಗ್ಗುವ ವಿದ್ಯುತ್ ವಿಕರ್ಷಣೆ), ಗ್ಯಾಸ್‌ನ ಘರ್ಷಣೆಗೆ ಲ್ಯಾಂಜೆವಾನ್ ಪದ್ಧತಿ (ಘರ್ಷಣೆಯ ಜೊತೆ ಗ್ಯಾಸ್ ಅಣುಗಳ ಯಾದೃಚ್ಛಿಕ ತಳ್ಳಾಟವನ್ನೂ ಸೇರಿಸುವ ವಿಧಾನ). ಇವೆರಡೂ ಲ್ಯಾಂಪ್ಸ್ (LAMMPS) ಎಂಬ ಕಣ ಸಿಮ್ಯುಲೇಶನ್ ಸಾಫ್ಟ್‌ವೇರ್‌ನಲ್ಲಿ ಸಿದ್ಧವಾಗಿಯೇ ಸಿಗುತ್ತವೆ.

ನಿಜವಾದ ಕೆಲಸ ಅಯಾನ್ ಎಳೆತದ್ದು. ವಿದ್ಯುತ್ ಕ್ಷೇತ್ರ ಋಣ ಕಣಗಳನ್ನು ನಡುವಿಗೆ ತಳ್ಳುತ್ತದೆ. ಹೊರಗೆ ಹರಿಯುವ ಅಯಾನ್‌ಗಳು ಅವನ್ನು ಆಚೆ ಎಳೆದೊಯ್ಯುತ್ತವೆ, ಇದೇ ಅಯಾನ್ ಎಳೆತ. ನಡುವಿನಲ್ಲಿ ಅಯಾನ್‌ಗಳು ನಿಧಾನ, ಕಣದ ಬಳಿ ಜಾಸ್ತಿ ಬಾಗಿ ಅದನ್ನು ಜಾಸ್ತಿ ಎಳೆಯುತ್ತವೆ. ಹಾಗಾಗಿ ಅಲ್ಲಿ ಅವುಗಳದೇ ಗೆಲುವು. ಗೋಡೆಯ ಕಡೆ ವೇಗ ಹೆಚ್ಚಾದಂತೆ ಕ್ಷೇತ್ರ ಗೆಲ್ಲುತ್ತದೆ. ಮೋಡದ ನಡುವೆ ಕಣವೇ ಇಲ್ಲದ ಗುಳಿಯೊಂದು ಉಳಿಯುತ್ತದೆ. 2001ರಲ್ಲಿ ಬಾಹ್ಯಾಕಾಶ ನಿಲ್ದಾಣದಲ್ಲಿ ಶುರುವಾದ ಪಿಕೆಇ-ನೆಫೆಡೊವ್ ಪ್ರಯೋಗದಲ್ಲೂ ಇದು ಕಂಡಿತು. ನನ್ನ ಪರದೆಯ ಮೇಲೆ ಅದೇ ಗುಳಿ ತಾನಾಗಿ ತೆರೆದುಕೊಂಡಾಗ ತುಂಬಾ ಖುಷಿಯಾಯಿತು. ಅದನ್ನು ನಾನು ಎಲ್ಲೂ ಬರೆದಿರಲಿಲ್ಲ, ಅಲ್ವಾ!

ಕ್ಷೇತ್ರ ಮತ್ತು ಅಯಾನ್ ಹರಿವಿನ ಅಂಕಿಗಳನ್ನು ಡಿಸ್ಚಾರ್ಜ್‌ನ (ಪ್ಲಾಸ್ಮಾ ಹುಟ್ಟಿಸುವ ವಿದ್ಯುತ್ ವಿಸರ್ಜನೆಯ) ದ್ರವ ಮಾದರಿಯಿಂದ, ಅಂದರೆ ಎಲೆಕ್ಟ್ರಾನ್, ಅಯಾನ್‌ಗಳನ್ನು ಹರಿಯುವ ದ್ರವದಂತೆ ಲೆಕ್ಕ ಹಾಕುವ ಮಾದರಿಯಿಂದ, ತೆಗೆದು ಗ್ರಿಡ್ ಮೇಲೆ ಇಡುತ್ತೇನೆ. ಆದರೆ ಧೂಳು ದಟ್ಟವಾದರೆ ಎಲೆಕ್ಟ್ರಾನ್‌ಗಳನ್ನೇ ನುಂಗಿ ಡಿಸ್ಚಾರ್ಜನ್ನು ಬದಲಿಸಿಬಿಡುತ್ತದೆ. ಆಗ ಕಣಗಳ ಹಂಚಿಕೆಯನ್ನು ದ್ರವ ಮಾದರಿಗೆ ವಾಪಸ್ ಕೊಟ್ಟು, ಹೊಸ ಕ್ಷೇತ್ರ ತಂದು, ಎರಡೂ ಒಪ್ಪುವವರೆಗೆ ಸುತ್ತಬೇಕು. ಬೇಸರದ ಕೆಲಸ ಹೌದು, ಆದರೆ ಇದನ್ನು ಬಿಟ್ಟರೆ ಗುಳಿಯ ಗಾತ್ರವನ್ನು ನಂಬಬೇಡಿ.

ಬಾಹ್ಯಾಕಾಶ ನಿಲ್ದಾಣದ ಇನ್ನೊಂದು ಧೂಳಿನ ಪ್ಲಾಸ್ಮಾ ಪ್ರಯೋಗವಾದ ಪಿಕೆ-4ರಲ್ಲಿ ಕ್ಷೇತ್ರದ ದಿಕ್ಕನ್ನೇ ವೇಗವಾಗಿ ಅದಲು ಬದಲು ಮಾಡಬಹುದು. ಭಾರದ ಕಣ ಅದನ್ನು ಹಿಂಬಾಲಿಸಲಾರದು, ಹಗುರ ಅಯಾನ್‌ಗಳು ಹಿಂಬಾಲಿಸುತ್ತವೆ. ಆದ್ದರಿಂದ ಪ್ರತಿ ಕಣದ ಎರಡೂ ಬದಿಯಲ್ಲಿ ಸರಾಸರಿಗೆ ಧನ ಅಯಾನ್‌ಗಳು ಸೇರಿ, ಕಣಗಳು ಸರಪಳಿಯಂತೆ ಸಾಲುಗಟ್ಟುತ್ತವೆ. ಇಲ್ಲಿ ಬರೀ ಯುಕಾವಾ ಸಾಲದು. ದಿಕ್ಕನ್ನು ಅವಲಂಬಿಸುವ ಪದವೊಂದನ್ನು ಸೇರಿಸಿ, ಅಕ್ಷದ ಉದ್ದಕ್ಕೂ ಅಡ್ಡಕ್ಕೂ ಕಣಗಳ ಅಂತರವನ್ನು ಬೇರೆ ಬೇರೆಯಾಗಿ ಅಳೆಯುತ್ತೇನೆ.